ಲಿಲ್ಲಿ ಹೂವಿನ ಆಕಾರ: ತುತ್ತೂರಿಯೋ, ಬಟ್ಟಲೋ, ಪೇಟವೋ?

ಲಿಲ್ಲಿ ಗಡ್ಡೆ ಆರಿಸುವಾಗ ಎಲ್ಲರ ಕಣ್ಣೂ ಮೊದಲು ಬಣ್ಣದ ಮೇಲೆ ಹೋಗುತ್ತದೆ. ಬಿಳಿ ಬೇಕಾ, ಕಿತ್ತಳೆ ಬೇಕಾ, ಗುಲಾಬಿ ಬೇಕಾ ಅಂತ ಯೋಚಿಸಿ ತಂದು ನೆಡುತ್ತಾರೆ. ಹೂ ಬಿಟ್ಟಾಗ ಬಣ್ಣವೇನೋ ಚಿತ್ರದಲ್ಲಿದ್ದಂತೆಯೇ ಇರುತ್ತದೆ. ಆದರೆ ಆಳೆತ್ತರದ ಗಿಡದಲ್ಲಿ ಹೂಗಳೆಲ್ಲ ಆಕಾಶ ನೋಡುತ್ತಿದ್ದರೆ ಕೆಳಗೆ ನಿಂತವರಿಗೆ ಕಾಣುವುದು ಹೂವಿನ ಬೆನ್ನು ಮಾತ್ರ. ಮೊಣಕಾಲೆತ್ತರದ ಗಿಡದಲ್ಲಿ ಹೂಗಳು ತಲೆ ತಗ್ಗಿಸಿ ನಿಂತರೆ, ಅವುಗಳ ಮುಖ ನೋಡಲು ನೆಲದ ಮೇಲೇ ಕೂರಬೇಕು.

ಹಾಗಾಗಿ ಹೂವನ್ನು ಎಲ್ಲಿ ನಿಂತು, ಯಾವ ಹೊತ್ತಿನಲ್ಲಿ ನೋಡುತ್ತೀರಿ ಅನ್ನುವುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಅದು ಗೊತ್ತಾದರೆ ಆಕಾರ ಆರಿಸುವುದು ಸುಲಭ. ಬಣ್ಣ ಆಮೇಲೆ ನೋಡಿಕೊಂಡರಾಯಿತು.

ಇಲ್ಲಿ ಹೇಳುತ್ತಿರುವುದು ಲಿಲಿಯಂ ಕುಲದ ಲಿಲ್ಲಿಗಳ ಬಗ್ಗೆ, ಅಂದರೆ ಹೊರಪೊರೆಯಿಲ್ಲದ, ಪದರ ಪದರವಾದ ಗಡ್ಡೆಯಿಂದ ಒಂದೇ ನೇರ ಕಾಂಡ ಎದ್ದು ಬರುವ ಗಿಡಗಳು. ಡೇ ಲಿಲ್ಲಿ, ರೇನ್ ಲಿಲ್ಲಿ, ಕ್ಯಾಲಾ ಲಿಲ್ಲಿ, ವಾಟರ್ ಲಿಲ್ಲಿ ಇವೆಲ್ಲ ಬೇರೆ ಕುಲದವು. ಲಿಲಿಯಂನಲ್ಲಿ ಸುಮಾರು 100 ಜಾತಿಗಳಿವೆ, ಎಲ್ಲವೂ ಭೂಮಿಯ ಉತ್ತರಾರ್ಧದವು. ಹೂವಿನ ಕಟ್ಟು ಎಲ್ಲದರಲ್ಲೂ ಒಂದೇ: ಆರು ಎಸಳು, ಆರು ಕೇಸರ, ನಡುವೆ ಒಂದು ಶಲಾಕೆ. ಆ ಆರು ಎಸಳು ಎಲ್ಲಿಯವರೆಗೆ ಒಟ್ಟಿಗೆ ಸಾಗಿ, ಎಲ್ಲಿಂದ ಹೊರಕ್ಕೆ ಬಾಗುತ್ತವೆ? ಆಕಾರದ ವ್ಯತ್ಯಾಸವೆಲ್ಲ ಇಷ್ಟರಲ್ಲೇ ಇದೆ.

ಮೊದಲು ಮುಖ, ಆಮೇಲೆ ಆಕಾರ

ತೋಟಗಾರಿಕೆಯವರು ಲಿಲ್ಲಿಗಳನ್ನು ಗುಂಪು ಮಾಡುವಾಗ ಒಂದು ಸಂಖ್ಯೆ, ಎರಡು ಅಕ್ಷರ ಬಳಸುತ್ತಾರೆ. ಸಂಖ್ಯೆ ವಂಶವನ್ನು ಹೇಳುತ್ತದೆ: 1 ಅಂದರೆ ಏಷಿಯಾಟಿಕ್, 2 ಮಾರ್ಟಗಾನ್, 6 ಟ್ರಂಪೆಟ್, 7 ಓರಿಯೆಂಟಲ್, ಹೀಗೆ. ಮೊದಲ ಅಕ್ಷರ ಹೂವಿನ ಮುಖ ಎತ್ತ ಅನ್ನುವುದಕ್ಕೆ: ಎ ಮೇಲಕ್ಕೆ, ಬಿ ಪಕ್ಕಕ್ಕೆ, ಸಿ ಕೆಳಕ್ಕೆ. ಎರಡನೆಯದು ಆಕಾರಕ್ಕೆ: ಎ ತುತ್ತೂರಿ, ಬಿ ಬಟ್ಟಲು, ಸಿ ಚಪ್ಪಟೆ, ಡಿ ಎಸಳು ಪೂರ್ತಿ ಹಿಂದಕ್ಕೆ ಸುರುಳಿಕೊಂಡದ್ದು. ಹಾಗಾದರೆ 1ಎ/ಬಿ ಅಂದರೆ ಏಷಿಯಾಟಿಕ್, ಮೇಲೆ ನೋಡುವ ಬಟ್ಟಲು ಹೂ. ಗಡ್ಡೆ ಮಾರುವವರ ಪಟ್ಟಿಯಲ್ಲಿ ಈ ಗುರುತು ಕಂಡರೆ ಬಿಡಬೇಡಿ. ಫೋಟೋಕ್ಕಿಂತ ಜಾಸ್ತಿ ವಿಷಯ ಅದರಲ್ಲಿರುತ್ತದೆ. ಫೋಟೋ ತೆಗೆಯುವವರು ಹೂವಿನ ಎದುರಿಗೇ ಹೋಗಿ ತೆಗೆದಿರುತ್ತಾರಲ್ಲ, ಅದರಿಂದ ಮುಖ ಯಾವ ಕಡೆ ಅಂತ ತಿಳಿಯುವುದೇ ಇಲ್ಲ.

ಮುಖ ಮೇಲಿರುವ ಲಿಲ್ಲಿಗಳು ಇವತ್ತು ಅಂಗಡಿಗಳಲ್ಲಿ ಜಾಸ್ತಿ. ಕತ್ತರಿಸಿ ಮಾರುವ ಹೂವಿಗೆ ಅದೇ ಅನುಕೂಲ. ಕಟ್ಟು ಕಟ್ಟುವಾಗ ಹೂ ನಜ್ಜುಗುಜ್ಜಾಗುವುದಿಲ್ಲ, ಹೂದಾನಿಯಲ್ಲಿ ಇಟ್ಟರೆ ಎದ್ದು ಕಾಣುತ್ತದೆ. 1940ರ ದಶಕದಲ್ಲಿ ಅಮೆರಿಕದ ಆರೆಗನ್‌ನಲ್ಲಿ ಯಾನ್ ಡಿ ಗ್ರಾಫ್ ಬೆಳೆಸಿದ ಕಿತ್ತಳೆ ಬಣ್ಣದ ‘ಎನ್ಚಾಂಟ್‌ಮೆಂಟ್’ ಈ ದಾರಿ ತೆರೆಯಿತು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಲೆಸ್ಲಿ ವುಡ್ರಿಫ್ ಅವರ ‘ಸ್ಟಾರ್‌ಗೇಜರ್’ ಬಂತು. ಅಲ್ಲಿಯವರೆಗೆ ತಲೆ ತಗ್ಗಿಸಿಯೋ ಪಕ್ಕಕ್ಕೆ ತಿರುಗಿಯೋ ಇರುತ್ತಿದ್ದ ಓರಿಯೆಂಟಲ್ ಲಿಲ್ಲಿಗಳು ಅದರಿಂದಾಚೆಗೆ ತಲೆಯೆತ್ತಿದವು.

ಆದರೆ ಹೂದಾನಿಗೆ ಒಪ್ಪಿದ್ದು ತೋಟಕ್ಕೂ ಒಪ್ಪಲೇಬೇಕು ಅಂತೇನಿಲ್ಲ. ಮೇಲ್ಮುಖದ ಹೂ ಸೊಂಟಕ್ಕಿಂತ ಕೆಳಗಿದ್ದಾಗ ಮಾತ್ರ ಪೂರ್ತಿ ಕಾಣುತ್ತದೆ. ಕುಂಡಕ್ಕೆ, ದಾರಿಯಂಚಿನ ಪಾತಿಗೆ, ಮಹಡಿಯ ಕಿಟಕಿಯಿಂದ ಕೆಳಗೆ ನೋಡುವ ಜಾಗಕ್ಕೆ ಅದು ಹೇಳಿಮಾಡಿಸಿದ ಹಾಗಿರುತ್ತದೆ. ಅದಕ್ಕಿಂತ ಎತ್ತರದ ಗಿಡದಲ್ಲಿ ವ್ಯರ್ಥ. ಇನ್ನೊಂದು ತೊಂದರೆ, ಮಳೆ. ಬಾಯಿ ಮೇಲಿಟ್ಟುಕೊಂಡ ಹೂವಿನೊಳಗೆ ನೀರು ನಿಲ್ಲುತ್ತದೆ. ಪರಾಗ ತೊಯ್ದು ಎಸಳಿನ ಮೇಲೆಲ್ಲ ಕಂದು ಕಲೆ ಹರಡುತ್ತದೆ. ತಲೆ ತಗ್ಗಿಸಿದ ಹೂವಿಗೆ ಈ ತಾಪತ್ರಯವಿಲ್ಲ. ಅದರ ಬೆನ್ನೇ ಅದಕ್ಕೆ ಕೊಡೆ.

ತುತ್ತೂರಿ

ಲಿಲ್ಲಿ ಅಂದ ತಕ್ಷಣ ಬಹಳ ಜನರ ಕಣ್ಣ ಮುಂದೆ ಬರುವುದು ಇದೇ ಆಕಾರ. ಎಸಳುಗಳು ಬಹುದೂರ ಕೊಳವೆಯಂತೆ ಕೂಡಿಕೊಂಡು ಸಾಗಿ, ತುದಿಯಲ್ಲಿ ಮಾತ್ರ ಅರಳುತ್ತವೆ. ಜಪಾನಿನ ರ್‍ಯೂಕ್ಯೂ ದ್ವೀಪಗಳು ಮತ್ತು ತೈವಾನ್ ಮೂಲದ ಲಾಂಗಿಫ್ಲೋರಮ್, ಅಂದರೆ ಈಸ್ಟರ್ ಲಿಲ್ಲಿ, ಇದರ ಅಚ್ಚುಕಟ್ಟಾದ ಮಾದರಿ. ತೈವಾನಿನದೇ ಆದ ಫಾರ್ಮೊಸಾನಮ್ ಇನ್ನೂ ಎತ್ತರ, ಕೊಳವೆ ಇನ್ನೂ ಸಪೂರ. ಬೀಜ ಹಾಕಿದರೆ ವರ್ಷದೊಳಗೇ ಹೂ ಕೊಡುವಷ್ಟು ಚುರುಕಿನ ಗಿಡ. ಬೇರೆ ಲಿಲ್ಲಿಗಳು ಬಯಸುವಷ್ಟು ಚಳಿಯನ್ನು ಇವೆರಡೂ ಬಯಸುವುದಿಲ್ಲ. ಹವೆ ಬೆಚ್ಚಗಿರುವ ಕಡೆ ಲಿಲ್ಲಿ ಬೆಳೆಸುವವರಿಗೆ ಆಯ್ಕೆ ಇಲ್ಲಿಂದಲೇ ಶುರುವಾಗಬೇಕು. ಪಶ್ಚಿಮಘಟ್ಟದ ದಕ್ಷಿಣದ ಎತ್ತರದ ಬೆಟ್ಟಗಳಲ್ಲಿ ಕಾಡು ಹೂವಾಗಿ ಅರಳುವ ನೀಲಗಿರಿ ಲಿಲ್ಲಿ ಕೂಡ ಉದ್ದನೆಯ ಬಿಳಿ ತುತ್ತೂರಿಯೇ. ಅದನ್ನು ಅಲ್ಲೇ ನೋಡಿ ಬರಬೇಕು, ಕಿತ್ತು ತರಬಾರದು.

ತುತ್ತೂರಿಗಳಲ್ಲಿ ನನ್ನ ಮೆಚ್ಚಿನದು ರೀಗಲ್ ಲಿಲ್ಲಿ. ಚೀನಾದ ಸಿಚುವಾನ್‌ನಲ್ಲಿ ಮಿನ್ ನದಿಯ ಕಣಿವೆಯಲ್ಲಿ ಮಾತ್ರ ಬೆಳೆಯುತ್ತಿದ್ದ ಹೂ ಇದು. ಇದನ್ನು ಹೊರಗಿನ ತೋಟಗಳಿಗೆ ತಂದವರು ಅರ್ನೆಸ್ಟ್ ಹೆನ್ರಿ ವಿಲ್ಸನ್. 1910ರಲ್ಲಿ ಗಡ್ಡೆಗಳಿಗಾಗಿ ಮತ್ತೆ ಆ ಕಣಿವೆಗೆ ಹೋದಾಗ ಗುಡ್ಡ ಕುಸಿದು ಅವರ ಕಾಲು ಮುರಿಯಿತು. ಮುಂದೆ ಬದುಕಿಡೀ ಅವರು ಕುಂಟುತ್ತಲೇ ನಡೆದರು. ಗಡ್ಡೆಗಳು ಮಾತ್ರ ಅಮೆರಿಕಕ್ಕೆ ತಲುಪಿದವು.

ರೀಗಲ್‌ನ ಮೊಗ್ಗು ನೋಡಬೇಕು. ಹೊರಗಿನಿಂದ ನೇರಳೆ ಮಿಶ್ರಿತ ಗುಲಾಬಿ, ಒಡೆದಾಗ ಒಳಗೆ ಅಚ್ಚ ಬಿಳಿ, ಗಂಟಲಿನಲ್ಲಿ ಹಳದಿ. ಪಕ್ಕಕ್ಕೆ ಮುಖ ಮಾಡಿ ಅರಳುವುದರಿಂದ ಬೆನ್ನಿನ ಬಣ್ಣವೂ ಒಳಗಿನ ಬಣ್ಣವೂ ಒಟ್ಟಿಗೇ ಕಾಣುತ್ತವೆ. ತುತ್ತೂರಿ ಆಕಾರದ ದೊಡ್ಡ ಲಾಭ ಇದೇ. ಬೇರೆ ಆಕಾರದಲ್ಲಿ ಹೂವಿನ ಹಿಂಭಾಗ ಲೆಕ್ಕಕ್ಕೆ ಬರುವುದಿಲ್ಲ, ಇಲ್ಲಿ ಅರ್ಧ ಚೆಲುವು ಅಲ್ಲೇ ಇದೆ. ‘ಆಫ್ರಿಕನ್ ಕ್ವೀನ್’, ‘ಪಿಂಕ್ ಪರ್ಫೆಕ್ಷನ್’, ‘ಗೋಲ್ಡನ್ ಸ್ಪ್ಲೆಂಡರ್’ ಮುಂತಾದ ಮಿಶ್ರತಳಿಗಳೂ ಈ ಸಾಲಿನವು.

ಪರಿಮಳದಲ್ಲೂ ತುತ್ತೂರಿಗಳು ಮುಂದು, ಅದೂ ಸಂಜೆಯಾದ ಮೇಲೆ. ಬಿಳಿ ಬಣ್ಣ, ಉದ್ದ ಕೊಳವೆ, ಇಳಿಹೊತ್ತಿನ ಘಮ ಮೂರೂ ಒಟ್ಟಿಗೆ ಬಂದಿರುವುದು ಸುಮ್ನೆ ಅಲ್ಲ. ಉದ್ದ ನಾಲಿಗೆಯ ಹಾಕ್ ಪತಂಗಗಳು ಕತ್ತಲಲ್ಲಿ ಇವನ್ನು ಹುಡುಕಿಕೊಂಡು ಬರುತ್ತವೆ. ಸಂಜೆ ಹೊರಗೆ ಕೂರುವ ಅಭ್ಯಾಸವಿದ್ದರೆ ಆ ಜಾಗದ ಹತ್ತಿರ ನೆಡಬೇಕಾದ ಲಿಲ್ಲಿ ಇದು. ಆದರೆ ಮಲಗುವ ಕೋಣೆಯ ಕಿಟಕಿ ಪಕ್ಕ ಬೇಡ. ರಾತ್ರಿಯಿಡೀ ಬರುವ ಆ ಘಮ ಕೆಲವರಿಗೆ ತಲೆನೋವು ತರುತ್ತದೆ.

ತೊಂದರೆ ಅಂದರೆ ಭಾರ. ತೆಳುವಾದ ಕಾಂಡದ ತುದಿಯಲ್ಲಿ ಹತ್ತಾರು ದೊಡ್ಡ ಹೂಗಳು ತೂಗಿದಾಗ ಗಾಳಿಗೆ ಗಿಡ ವಾಲುತ್ತದೆ. ಗಡ್ಡೆ ನೆಡುವಾಗಲೇ ಪಕ್ಕದಲ್ಲಿ ಕೋಲು ಊರಿಬಿಡಿ. ಗಿಡ ಬೆಳೆದ ಮೇಲೆ ಊರಲು ಹೋದರೆ ಗಡ್ಡೆಗೇ ಚುಚ್ಚುವ ಭಯವಿರುತ್ತದೆ.

ಬಟ್ಟಲು, ಚಪ್ಪಟೆ ಹೂ

ಕೊಳವೆ ಚಿಕ್ಕದಾಗಿ ಎಸಳುಗಳು ಬುಡದಿಂದಲೇ ಅಗಲವಾಗಿ ತೆರೆದುಕೊಂಡರೆ ಬಟ್ಟಲು. ಇನ್ನೂ ತೆರೆದುಕೊಂಡರೆ ಚಪ್ಪಟೆ, ನಕ್ಷತ್ರದ ಹಾಗೆ. ಒಂದೇ ಗಿಡದಲ್ಲಿ ಹೂ ಅರಳಿದ ದಿನ ಬಟ್ಟಲಾಗಿದ್ದು, ಎರಡು ದಿನ ಕಳೆದ ಮೇಲೆ ಚಪ್ಪಟೆಯಾಗುವುದೂ ಉಂಟು. ಹಾಗಾಗಿ ಇವೆರಡರ ನಡುವಿನ ಗೆರೆ ಹಿಡಿದು ತಲೆ ಕೆಡಿಸಿಕೊಳ್ಳುವುದು ಬೇಡ.

ಈ ಆಕಾರದ ಆಕರ್ಷಣೆ ಎಲ್ಲವೂ ಮುಚ್ಚುಮರೆಯಿಲ್ಲದೆ ಕಾಣುವುದರಲ್ಲಿದೆ. ಚುಕ್ಕೆ, ಗೆರೆ, ಅಂಚಿನ ಬಣ್ಣ, ಎಸಳಿನ ನಡುವಿನ ಪಟ್ಟೆ ಯಾವುದೂ ಅಡಗಿರುವುದಿಲ್ಲ. ಜಪಾನಿನ ಔರಾಟಮ್ ಇದರಲ್ಲಿ ಎಲ್ಲಕ್ಕಿಂತ ದೊಡ್ಡದು. ಬಿಳಿ ಎಸಳಿನ ನಡುವೆ ಉದ್ದಕ್ಕೂ ಹೊನ್ನಿನ ಪಟ್ಟೆ, ಅದರ ಅಕ್ಕಪಕ್ಕ ಕೆಂಪು ಚುಕ್ಕೆಗಳು, ಹೂವಿನ ಅಗಲ 25 ಸೆಂಟಿಮೀಟರ್ ದಾಟುವುದೂ ಇದೆ. ಇಂದಿನ ಓರಿಯೆಂಟಲ್‌ಗಳಿಗೆ ಗಾತ್ರವೂ ಗಾಢ ಪರಿಮಳವೂ ಬಹುಪಾಲು ಇದರಿಂದಲೇ ಬಂದವು. ಚುಕ್ಕೆಯೇ ಇಲ್ಲದ ಅಚ್ಚ ಬಿಳಿ ಬೇಕೆಂದರೆ ‘ಕಾಸಾ ಬ್ಲಾಂಕಾ’. ಅದರ ಹಿಂದೆ ಕಡು ಹಸಿರು ಬೇಲಿಯೋ ಪೊದೆಯೋ ಇರಲಿ. ಬಿಳಿ ಗೋಡೆಯ ಮುಂದೆ ಅದನ್ನು ನೆಟ್ಟರೆ ಅಷ್ಟು ಚೆಂದದ ಅಂಚು ಗೋಡೆಯಲ್ಲೇ ಕರಗಿಹೋಗುತ್ತದೆ.

ಓರಿಯೆಂಟಲ್‌ಗಳು ಮಣ್ಣಿನ ವಿಷಯದಲ್ಲಿ ಹಟಮಾರಿಗಳು. ಸುಣ್ಣದ ಅಂಶ ಜಾಸ್ತಿ ಇದ್ದರೆ ಎಲೆ ಹಳದಿಯಾಗಿ ಸೊರಗುತ್ತವೆ. ನಿಮ್ಮದು ಅಂಥ ಮಣ್ಣಾದರೆ ಇವನ್ನು ಕುಂಡದಲ್ಲಿ ಬೆಳೆಸಿ, ನೆಲಕ್ಕೆ ರೀಗಲ್ ಅಥವಾ ಮುಂದೆ ಹೇಳುವ ಹೆನ್ರಿಯೈ ಹಾಕಿ. ಅವೆರಡೂ ಸುಣ್ಣಕ್ಕೆ ಹೆದರುವುದಿಲ್ಲ.

ಏಷಿಯಾಟಿಕ್‌ಗಳಲ್ಲೂ ಬಟ್ಟಲು, ನಕ್ಷತ್ರಗಳೇ ಹೆಚ್ಚು. ಪರಿಮಳವಿಲ್ಲ. ಆದರೆ ಬಣ್ಣಗಳ ಸಾಲು ದೊಡ್ಡದು, ಹೂವೂ ಲಿಲ್ಲಿಗಳಲ್ಲೆಲ್ಲ ಬೇಗ ಬರುತ್ತದೆ. ಮೊದಲ ಸಲ ಲಿಲ್ಲಿ ನೆಡುವವರಿಗೆ, ಕುಂಡದಲ್ಲಿ ಬೆಳೆಸುವವರಿಗೆ ನಾನು ಹೇಳುವುದು ಇವನ್ನೇ.

ಪೇಟ

ನನ್ನ ಮನಸ್ಸು ನಿಂತಿರುವುದು ಈ ಆಕಾರದಲ್ಲಿ. ಎಸಳುಗಳು ಬುಡದಿಂದಲೇ ಹಿಂದಕ್ಕೆ ಸುರುಳಿ ಸುತ್ತಿಕೊಂಡು ತುದಿಗಳು ಹೂವಿನ ತೊಟ್ಟನ್ನು ಮುಟ್ಟುತ್ತವೆ. ಹೂ ಕೆಳಗೆ ನೇತಾಡುತ್ತದೆ, ಕೇಸರಗಳು ಎಲ್ಲ ಬಿಟ್ಟು ಹೊರಗೆ ಚಾಚಿರುತ್ತವೆ. ಟರ್ಕ್ಸ್ ಕ್ಯಾಪ್ ಅನ್ನುವುದು ಇದನ್ನೇ.

ತುತ್ತೂರಿಯನ್ನು ದೂರದಿಂದ ನೋಡಿದರೂ ತೃಪ್ತಿಯಾಗುತ್ತದೆ, ಪೇಟದ ಹತ್ತಿರಕ್ಕೆ ಹೋಗಬೇಕು. ಹೆನ್ರಿಯೈ ಲಿಲ್ಲಿಯ ಒಂದು ಹೂವನ್ನು ಬೆರಳಿನಿಂದ ಮೆಲ್ಲಗೆ ಎತ್ತಿ ನೋಡಿ. ಹಣ್ಣು ಕಿತ್ತಳೆಯ ಎಸಳಿನ ಮೇಲೆ ಸಣ್ಣ ಸಣ್ಣ ಮಾಂಸಲ ಮುಳ್ಳುಗಳ ಹಾಗೆ ಎದ್ದುನಿಂತ ಗುಬುಟುಗಳಿರುತ್ತವೆ, ಮುಟ್ಟಿದರೆ ಮೆತ್ತಗೆ. ಪ್ರತಿ ಎಸಳಿನ ಬುಡದಲ್ಲಿ ಮಕರಂದದ ಒಂದು ಹಸಿರು ಕಾಲುವೆ. ಆರೂ ಸೇರಿ ಹೂವಿನ ನಡುವೆ ಹಸಿರು ನಕ್ಷತ್ರ ಮೂಡುತ್ತದೆ. ಕೇಸರದ ಕಡ್ಡಿಯ ತುದಿಗೆ ಪರಾಗಕೋಶ ಒಂದೇ ಬಿಂದುವಿನಲ್ಲಿ ಅಂಟಿಕೊಂಡಿರುತ್ತದೆ. ಉಸಿರು ತಾಗಿದರೂ ತೂಗುತ್ತದೆ. ಮಕರಂದ ಹೀರಲು ರೆಕ್ಕೆ ಬಡಿಯುತ್ತಾ ನೇತಾಡುವ ಚಿಟ್ಟೆಗೆ ಈ ತೂಗಾಡುವ ಕೋಶಗಳಿಂದ ಪರಾಗ ಮೆತ್ತಿಕೊಳ್ಳುತ್ತದೆ. ಈ ಬಗೆಯ ಹೂಗಳಿಗೆ ಬಾಲದ ಚಿಟ್ಟೆಗಳು ಇಷ್ಟಪಟ್ಟು ಬರುತ್ತವೆ. ಚಿಟ್ಟೆಗಳಿಗಾಗಿಯೇ ತೋಟ ಮಾಡುವವರು ಬೇರೆ ಯೋಚನೆ ಮಾಡದೆ ಇದನ್ನು ಆರಿಸಬಹುದು.

ಟೈಗರ್ ಲಿಲ್ಲಿ ನಿಮಗೆ ಗೊತ್ತಿರಬಹುದು. ಕಿತ್ತಳೆ ಬಣ್ಣ, ಕಪ್ಪು ಚುಕ್ಕೆ, ಎಲೆಯ ಕಂಕುಳಲ್ಲಿ ಕಪ್ಪು ಮಣಿಗಳಂಥ ಮರಿಗಡ್ಡೆಗಳು. ಆ ಮಣಿಗಳು ಉದುರಿದಲ್ಲೇ ಚಿಗುರಿ ಎರಡು ಮೂರು ವರ್ಷದಲ್ಲಿ ಹೂ ಬಿಡುತ್ತವೆ. ಬೆಳೆಸಲು ಇಷ್ಟು ಸುಲಭದ ಲಿಲ್ಲಿ ಇನ್ನೊಂದಿಲ್ಲ. ಆದರೆ ಒಂದು ಎಚ್ಚರಿಕೆ: ಮೈಯಲ್ಲಿ ವೈರಸ್ ರೋಗವಿದ್ದರೂ ಇದು ಹೊರಗೆ ತೋರಿಸಿಕೊಳ್ಳುವುದಿಲ್ಲ. ಗಿಡಹೇನುಗಳು ಅದನ್ನು ಪಕ್ಕದ ಲಿಲ್ಲಿಗಳಿಗೆ ದಾಟಿಸುತ್ತವೆ, ಅವು ಸೊರಗುತ್ತವೆ. ಟೈಗರ್ ಬೇಕೇ ಬೇಕೆಂದರೆ ಬೇರೆ ಲಿಲ್ಲಿಗಳಿಂದ ದೂರ ನೆಡಿ.

ಮರದ ನೆರಳಿರುವ ತೋಟವಾದರೆ ಮಾರ್ಟಗಾನ್. ಹೂ ಚಿಕ್ಕದು, ಸುಮಾರು 4 ಸೆಂಟಿಮೀಟರ್ ಇದ್ದೀತು. ಆದರೆ ಹಳೆಯ ಗಿಡದ ಒಂದೊಂದು ಕಾಂಡದಲ್ಲೂ ಹತ್ತಾರು ಹೂ ತೂಗುತ್ತವೆ. ಎಲೆಗಳು ಕಾಂಡದ ಸುತ್ತ ಸುತ್ತುಸುತ್ತಾಗಿ ಬರುತ್ತವೆ, ಹೂವಿಲ್ಲದಾಗಲೂ ಗಿಡ ಲಕ್ಷಣವಾಗಿರುತ್ತದೆ. ತಂದು ನೆಟ್ಟ ಮೊದಲ ವರ್ಷ ಕೆಲವೊಮ್ಮೆ ನೆಲದಿಂದ ಏಳುವುದೇ ಇಲ್ಲ. ಸತ್ತುಹೋಯಿತೆಂದು ಅಗೆದು ನೋಡಬೇಡಿ. ನೆಲ ಒಗ್ಗಿದರೆ ಒಂದೇ ಜಾಗದಲ್ಲಿ ದಶಕಗಟ್ಟಲೆ ಬಾಳುತ್ತದೆ. ಚಳಿಗಾಲ ಚೆನ್ನಾಗಿರುವ ಕಡೆಗೆ ಮಾತ್ರ ಇದು ಸರಿ. ಪರಿಮಳ ಅಷ್ಟೇನೂ ಹಿತವಲ್ಲ, ಆದ್ದರಿಂದ ಬಾಗಿಲ ಬಳಿ ಬೇಡ.

ಪೇಟದ ಸೊಗಸೂ ಪರಿಮಳವೂ ಎರಡೂ ಬೇಕೆನ್ನುವವರು ಜಪಾನಿನ ಸ್ಪೆಸಿಯೋಸಮ್ ನೋಡಿ. ‘ಸ್ಟಾರ್‌ಗೇಜರ್’ ಮಾಡಿದ ವುಡ್ರಿಫ್ ಅವರೇ 1950ರ ದಶಕದಲ್ಲಿ ಅದನ್ನು ಹೆನ್ರಿಯೈ ಜೊತೆ ಕೂಡಿಸಿ ‘ಬ್ಲ್ಯಾಕ್ ಬ್ಯೂಟಿ’ಯನ್ನು ಪಡೆದರು. ಕಡುಗೆಂಪು ಎಸಳು, ಬಿಳಿ ಅಂಚು, ನಡುವೆ ಹೆನ್ರಿಯೈನ ಹಸಿರು ನಕ್ಷತ್ರ. ತಂದೆತಾಯಿ ಇಬ್ಬರ ಗುಣವೂ ಒಂದೇ ಹೂವಿನಲ್ಲಿ ಓದಲು ಸಿಗುತ್ತದೆ. ಬಾಳಿಕೆಯಲ್ಲೂ ಗಟ್ಟಿ ಗಿಡ.

ಪೇಟ ಹೂಗಳಿಗೆ ಸುತ್ತ ಗಾಳಿಯಾಡುವ ಜಾಗ ಬೇಕು. ಒತ್ತೊತ್ತಾಗಿ ನೆಟ್ಟರೆ ಆ ಸುರುಳಿಯ ಗೆರೆಗಳು ಒಂದರೊಳಗೊಂದು ಸಿಕ್ಕಿಕೊಂಡು ಬರೀ ಬಣ್ಣದ ಗೊಂದಲ ಕಾಣುತ್ತದೆ. ಜರಿಗಿಡಗಳ ನಡುವೆ, ಸಪೂರ ಹುಲ್ಲಿನ ಹಿಂದೆ, ಮೂರೋ ಐದೋ ಕಾಂಡ ಸಾಕು. ಏರುತಗ್ಗಿನ ನೆಲವಿದ್ದರೆ ಏರಿನಲ್ಲಿ ನೆಡಿ, ನೀವು ತಗ್ಗಿನಲ್ಲಿ ನಡೆಯುವಾಗ ಹೂವಿನ ಮುಖ ನಿಮ್ಮ ಕಣ್ಣಿಗೆ ಸಮನಾಗಿ ಬರುತ್ತದೆ.

ಗಂಟೆ, ಮತ್ತು ಎಸಳು ಕಿಕ್ಕಿರಿದ ಹೂ

ಗಂಟೆಯಂತೆ ಇಳಿಬೀಳುವ ಹೂಗಳು ಕೆಲವೇ ಇವೆ. ಉತ್ತರ ಅಮೆರಿಕದ ಕೆನಡೆನ್ಸ್ ಒಂದು. ಮಣಿಪುರದ ಶಿರುಯಿ ಬೆಟ್ಟದ ಮ್ಯಾಕ್ಲಿನಿಯೇ ಇನ್ನೊಂದು. ತಿಳಿ ಗುಲಾಬಿ ಛಾಯೆಯ ಈ ಹೂ ಮಣಿಪುರದ ರಾಜ್ಯಪುಷ್ಪ. ಇಂಥವು ಕಾಡಿನ ಚೆಲುವೆಯರು, ಸಾಮಾನ್ಯ ತೋಟದಲ್ಲಿ ಒಗ್ಗಿಸುವುದು ಕಷ್ಟ.

ಡಬಲ್ ಲಿಲ್ಲಿಗಳಲ್ಲಿ ಕೇಸರಗಳೇ ಎಸಳುಗಳಾಗಿ ಮಾರ್ಪಟ್ಟಿರುತ್ತವೆ. ‘ರೋಸ್‌ಲಿಲ್ಲಿ’ ಸಾಲಿನವು ಹೆಸರಾದವು. ಪರಾಗ ಇಲ್ಲದ್ದರಿಂದ ಬಟ್ಟೆಗೆ ಕಲೆಯಾಗುವುದಿಲ್ಲ, ಹೂದಾನಿಯಲ್ಲಿ ಬಹಳ ದಿನ ನಿಲ್ಲುತ್ತವೆ. ಮನೆಯೊಳಗಿಡಲು ಒಳ್ಳೆಯದು. ತೋಟಕ್ಕೆ ಮಾತ್ರ ನನ್ನ ಮನಸ್ಸು ಒಪ್ಪುವುದಿಲ್ಲ. ಲಿಲ್ಲಿಯ ಗೆರೆಯೇ ಅದರ ಜೀವ, ಎಸಳು ತುಂಬಿದ ಮೇಲೆ ಆ ಗೆರೆ ಎಲ್ಲಿ ಉಳಿಯಿತು? ಜೇನ್ನೊಣಕ್ಕೂ ಚಿಟ್ಟೆಗೂ ಅದರಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಮಳೆ ಬಿದ್ದರೆ ನೀರು ಹಿಡಿದುಕೊಂಡು ಹೂವಿನ ತಲೆ ಭಾರವಾಗುತ್ತದೆ.

ಹಾಗಾದರೆ ಯಾವುದು?

ಜಾಗ ಕುಂಡದಷ್ಟೇ ಇದ್ದರೆ ಮೇಲ್ಮುಖದ ಬಟ್ಟಲು. ಪಾತಿಯ ಹಿಂದಿನ ಸಾಲಿಗೆ ಪಕ್ಕಕ್ಕೆ ನೋಡುವ ತುತ್ತೂರಿ. ಮರದಡಿಗೆ, ಪೊದೆಗಳ ನಡುವೆ ಪೇಟ. ಕತ್ತರಿಸಿ ಒಳಗೆ ತರುವ ಆಸೆಯಿದ್ದರೆ ಮೇಲ್ಮುಖದವನ್ನೇ ಬೇರೆ ಪಾತಿಯಲ್ಲಿ ಬೆಳೆಸಿ. ಕತ್ತರಿಸುವಾಗ ಕಾಂಡದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ. ಉಳಿದ ಎಲೆಗಳೇ ಮುಂದಿನ ವರ್ಷಕ್ಕೆ ಗಡ್ಡೆಯನ್ನು ತುಂಬುವುದು.

ತುತ್ತೂರಿಯ ಎತ್ತರವೂ ಬೇಕು, ಓರಿಯೆಂಟಲ್‌ನ ಅಗಲ ಹೂವೂ ಬೇಕು ಅನ್ನುವವರಿಗೆ ಎರಡೂ ವಂಶ ಕೂಡಿದ ಓರಿಯನ್‌ಪೆಟ್‌ಗಳಿವೆ. ಹಳದಿಯ ‘ಕಾಂಕಾ ಡೋರ್’ ಬಟ್ಟಲಿನ ಕಡೆಗೆ ವಾಲಿದರೆ, ‘ಶೆಹೆರಜಾದೆ’ ಹಿಂದಕ್ಕೆ ಬಾಗಿದ ಎಸಳಿನದು. ಕಾಂಡ ಗಟ್ಟಿ, ಬಿಸಿಲನ್ನೂ ತಕ್ಕಮಟ್ಟಿಗೆ ತಡೆಯುತ್ತವೆ. ಗಡ್ಡೆ ಕೊಳ್ಳುವಾಗ ಓರಿಯನ್‌ಪೆಟ್ ಅಂತ ಮಾತ್ರ ನೋಡದೆ ತಳಿಯ ಹೆಸರು ನೋಡಿ, ಆಕಾರ ಒಂದೊಂದರದೂ ಬೇರೆ.

ಎರಡು ಮೂರು ಆಕಾರ ಒಟ್ಟಿಗೆ ಇಟ್ಟುಕೊಳ್ಳುವುದಾದರೆ ಹೂಬಿಡುವ ಕಾಲವನ್ನೂ ಲೆಕ್ಕ ಹಾಕಿ. ಬೇಸಿಗೆಯ ಶುರುವಿಗೆ ಏಷಿಯಾಟಿಕ್ ಮತ್ತು ಮಾರ್ಟಗಾನ್, ನಡುವೆ ತುತ್ತೂರಿಗಳು, ಕೊನೆಗೆ ಓರಿಯೆಂಟಲ್ ಮತ್ತು ಸ್ಪೆಸಿಯೋಸಮ್. ಹೀಗೆ ಸರದಿಯಲ್ಲಿ ಬಂದರೆ ಒಂದು ಆಕಾರ ಇನ್ನೊಂದರ ಅಂದ ಕೆಡಿಸುವುದಿಲ್ಲ.

ಮನೆಯಲ್ಲಿ ಬೆಕ್ಕಿದ್ದರೆ ಮೇಲಿನ ಯಾವುದೂ ಬೇಡ. ಲಿಲ್ಲಿಯ ಎಲೆ, ಹೂ, ಪರಾಗ, ಹೂದಾನಿಯ ನೀರು ಎಲ್ಲವೂ ಬೆಕ್ಕಿಗೆ ವಿಷ. ಮೈಗೆ ಮೆತ್ತಿದ ಪರಾಗವನ್ನು ನೆಕ್ಕಿದರೂ ಮೂತ್ರಪಿಂಡ ಕೆಟ್ಟು ಸಾಯಬಹುದು. ಡೇ ಲಿಲ್ಲಿಯೂ ಅಷ್ಟೇ ಅಪಾಯ. ಬೆಕ್ಕು ತಿಂದಿರಬಹುದು ಅನ್ನಿಸಿದರೆ ಲಕ್ಷಣ ಕಾಣಲಿ ಅಂತ ಕಾಯದೆ ಕೂಡಲೇ ಪಶುವೈದ್ಯರ ಬಳಿ ಒಯ್ಯಿರಿ.

ನೆಡುವುದು ಎಲ್ಲ ಆಕಾರಕ್ಕೂ ಹೆಚ್ಚುಕಡಿಮೆ ಒಂದೇ. ಗಡ್ಡೆಯ ಎತ್ತರದ ಮೂರರಷ್ಟು ಆಳ, ನೀರು ನಿಲ್ಲದ ಮಣ್ಣು, ಬುಡಕ್ಕೆ ತಂಪು, ತಲೆಗೆ ಬಿಸಿಲು. ಹೆಚ್ಚಿನ ಲಿಲ್ಲಿಗಳು ಗಡ್ಡೆಯ ಮೇಲಿನ ಕಾಂಡದಿಂದಲೂ ಬೇರು ಬಿಡುತ್ತವೆ, ಅದಕ್ಕೇ ಅಷ್ಟು ಆಳ. ಬಿಳಿಯ ಮಡೋನಾ ಲಿಲ್ಲಿ ಒಂದಕ್ಕೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಅದರ ಗಡ್ಡೆಯ ಮೇಲೆ ಎರಡು ಮೂರು ಸೆಂಟಿಮೀಟರ್ ಮಣ್ಣು ಮುಚ್ಚಿದರೆ ಸಾಕು.